ನನಗೆ ಕಾಣದ ಹಳದಿ

ಕಳೆದ ವರ್ಷ ನವೆಂಬರಿನ ಒಂದು ಬುಧವಾರ, ಬಸವಕಲ್ಯಾಣದ ನಮ್ಮ ಪ್ರೆಸ್ಸಿನಲ್ಲಿ, ಚಿಟಗುಪ್ಪ ಕಡೆಯ ಹೆಣ್ಣುಮಗಳೊಬ್ಬಳ ಬೆಲ್ಲದ ಲೇಬಲ್ಲುಗಳನ್ನು ನಾನು ಮುದ್ರಿಸಿದೆ. ಲೇಬಲ್ಲಿನ ಚಿತ್ರಕ್ಕೆ ಹಳದಿ ಬಣ್ಣ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಬಿದ್ದಿತ್ತು. ಆ ದಿನ ಮಷೀನಿನ ಹತ್ತಿರ ನಾನೊಬ್ಬನೇ ಇದ್ದೆ. ಇಂಕು ಸರಿಯಿತ್ತು, ಪ್ಲೇಟು ಸರಿಯಿತ್ತು, ಕಾಗದ ಸರಿಯಿತ್ತು. ತಪ್ಪಾಗಿದೆ ಎಂದು ನನಗೆ ಗೊತ್ತಾದದ್ದು ಶುಕ್ರವಾರ. ನನ್ನ ಕೈಯಲ್ಲಿ ಹಳದಿ ಕೆಡುತ್ತದೆ ಎನ್ನುವುದು ಉಳಿದವರಿಗೆ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು.

ನಾನು ಮೊದಲು ಕಲಬುರಗಿಯಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ವರದಿಗಾರರು ಕಳಿಸಿದ್ದನ್ನು ತಿದ್ದುವುದು, ಅನುಮಾನ ಬಂದಲ್ಲಿ ತಡೆದು ಕೇಳುವುದು ನನ್ನ ಕೆಲಸ. ಒಬ್ಬರು ಹೇಳಿದರೆ ಸಾಲದು, ಎರಡನೆಯವರೂ ಹೇಳಬೇಕು. ಹೇಳಿದವರು ಕಣ್ಣಾರೆ ಕಂಡಿರಬೇಕು. ಪತ್ರಿಕೆಯ ಆ ಕಚೇರಿ ಮುಚ್ಚಿದ ಮೇಲೆ ಊರಿಗೆ ಬಂದೆ. ಹುಮನಾಬಾದಿನ ಪ್ರೆಸ್ಸೊಂದರಲ್ಲಿ ಹಳೆಯ ಆಫ್‌ಸೆಟ್ ಮಷೀನು ಮಾರಾಟಕ್ಕಿತ್ತು. ಅದನ್ನು ಕೊಂಡೆ. ಓಡಿಸಲು ಕಲಿಸಿದವನು ಆ ಪ್ರೆಸ್ಸಿನ ಮಾಲೀಕನೇ. ನನಗಿಂತ ಚಿಕ್ಕವನು, ತಲೆಮಾರುಗಳಿಂದ ಪುಸ್ತಕ ಕಟ್ಟುತ್ತ ಬಂದ ಮುಸ್ಲಿಂ ಮನೆತನದವನು. ಈಗಲೂ ನಮ್ಮ ಪ್ಲೇಟುಗಳನ್ನು ಅವನೇ ಮಾಡಿಕೊಡುತ್ತಾನೆ. ನಾನು ಅವನಿಗೆ ಭಾಯ್ ಎನ್ನುತ್ತೇನೆ. ಅವನು ನನಗೆ ಅಣ್ಣಾ ಎನ್ನುತ್ತಾನೆ, ನನ್ನ ಹೆಂಡತಿಗೆ ಭಾಬಿ ಎನ್ನುತ್ತಾನೆ.

ನಮ್ಮದು ಒಂದು ಬಣ್ಣದ ಮಷೀನು. ಅಂದರೆ ಒಮ್ಮೆಗೆ ಒಂದೇ ಬಣ್ಣ ಬೀಳುತ್ತದೆ. ಬಣ್ಣದ ಫೋಟೊ ಮುದ್ರಿಸಬೇಕಾದರೆ ಅದೇ ಕಾಗದವನ್ನು ನಾಲ್ಕು ಸಲ ಮಷೀನಿಗೆ ಕೊಡಬೇಕು: ಹಳದಿ, ಕೆಂಪು, ನೀಲಿ, ಕಪ್ಪು. ಪ್ರತಿ ಬಣ್ಣಕ್ಕೂ ಬೇರೆ ಪ್ಲೇಟು. ಪ್ಲೇಟಿನ ಮೇಲೆ ನೀರೂ ಇಂಕೂ ಒಟ್ಟಿಗೆ ಹರಿಯುತ್ತವೆ. ಚಿತ್ರವಿದ್ದಲ್ಲಿ ಇಂಕು ಹಿಡಿಯುತ್ತದೆ, ಇಲ್ಲದಲ್ಲಿ ನೀರು ಹಿಡಿದು ಇಂಕನ್ನು ದೂರವಿಡುತ್ತದೆ. ಪ್ಲೇಟಿನಿಂದ ಚಿತ್ರ ರಬ್ಬರಿನ ಬ್ಲಾಂಕೆಟ್ಟಿಗೆ ಇಳಿದು ಅಲ್ಲಿಂದ ಕಾಗದಕ್ಕೆ ಬರುತ್ತದೆ. ಓಡಿಸುವವನ ಕೆಲಸವೆಲ್ಲ ಈ ನೀರು ಮತ್ತು ಇಂಕಿನ ಜಗಳವನ್ನು ಹದದಲ್ಲಿಡುವುದು. ನೀರು ಹೆಚ್ಚಾದರೆ ಅಕ್ಷರ ತೊಳೆದಂತೆ ಮಂಕಾಗುತ್ತದೆ. ಕಡಿಮೆಯಾದರೆ ಖಾಲಿ ಜಾಗಕ್ಕೂ ಮಸಿ ಹತ್ತುತ್ತದೆ. ಇಂಕು ಎಲ್ಲಿ ಎಷ್ಟು ಇಳಿಯಬೇಕು ಎನ್ನುವುದನ್ನು ಇಂಕಿನ ತೊಟ್ಟಿಗೆ ಸಾಲಾಗಿ ಕೂರಿಸಿದ ಸ್ಕ್ರೂಗಳನ್ನು ತಿರುವಿ ಗೊತ್ತುಮಾಡಬೇಕು. ಬಿಗಿ ಮಾಡಿದರೆ ಇಂಕು ಕಡಿಮೆ, ಸಡಿಲಿಸಿದರೆ ಹೆಚ್ಚು.

ಹಳದಿಯನ್ನು ನಾವು ಮೊದಲು ಓಡಿಸುತ್ತೇವೆ. ಹಿಂದಿನ ಕೆಲಸದ ಕಪ್ಪು ರೋಲರಿನಲ್ಲಿ ಎಳ್ಳಷ್ಟು ಉಳಿದರೂ ಹಳದಿ ಕೊಳೆಯಾಗುತ್ತದೆ. ಆದ್ದರಿಂದ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ರೋಲರುಗಳನ್ನು ಪೆಟ್ರೋಲಿನಲ್ಲಿ ಒರೆಸಬೇಕು. ಇದು ಕಷ್ಟವಲ್ಲ, ಬೇಸರದ ಕೆಲಸ. ಕಷ್ಟ ಇರುವುದು ನೋಡುವುದರಲ್ಲಿ. ಬಿಳಿ ಕಾಗದದ ಮೇಲೆ ಬರೀ ಹಳದಿ ಬಿದ್ದಾಗ ಒಳ್ಳೆಯ ಕಣ್ಣಿಗೂ ಅದರ ಅಳತೆ ಸುಲಭವಾಗಿ ಸಿಗುವುದಿಲ್ಲ. ಉಳಿದ ಮೂರು ಬಣ್ಣ ಬಿದ್ದ ಮೇಲೆಯೇ ಹೆಚ್ಚಾಯಿತೋ ಕಡಿಮೆಯಾಯಿತೋ ಖಚಿತವಾಗಿ ತಿಳಿಯುವುದು. ಅಷ್ಟರಲ್ಲಿ ಕಾಗದ ಮುಗಿದಿರುತ್ತದೆ.

ಲೇಬಲ್ಲಿನ ಕೆಲಸಕ್ಕೂ ಮೊದಲಿನ ಮಾತು. ನಾರಾಯಣಪುರದ ಒಬ್ಬ ರೈತ ಮಗನ ಮದುವೆ ಕಾರ್ಡು ಒಯ್ಯಲು ಬಂದಿದ್ದ. ಕಾರ್ಡಿನ ಮೇಲಿನ ಗಣಪತಿಯನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ.

“ಸರ, ಗಣಪತಿಗೂ ಅರಿಶಿಣ ಹಚ್ಚೀರೇನ್ರಿ? ಮದುವಿ ಅವಂದಲ್ರಿ, ನನ್ನ ಮಗಂದು.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹಾಸ್ಯ ಎಂದುಕೊಂಡೆ. ಅವನು ಕಾರ್ಡು ಒಯ್ದ, ತಕರಾರು ಮಾಡಲಿಲ್ಲ. ಮದುವೆಯ ಕಾರ್ಡಿನಲ್ಲಿ ಹಳದಿ ಹೆಚ್ಚಾದರೆ ಯಾರೂ ಅಶುಭ ಎನ್ನುವುದಿಲ್ಲ.

ಆಮೇಲೆ ಎಲ್ಲವೂ ಹಾಗೆ ಬರಲಿಲ್ಲ. ಕೆಲವು ಕೆಲಸ ಸರಿಯಾಗಿ ಬರುತ್ತಿದ್ದವು, ಕೆಲವು ಹಳದಿಯಾಗುತ್ತಿದ್ದವು ಎಂದು ಗಿರಾಕಿಗಳು ಹೇಳುತ್ತಿದ್ದರು. ನನಗೆ ಎರಡೂ ಒಂದೇ ಆಗಿ ಕಾಣುತ್ತಿದ್ದವು. ಆದರೆ ಹೇಳುವವರು ಹೆಚ್ಚಾದಾಗ ಕಾರಣ ಹುಡುಕಲೇಬೇಕಾಯಿತು. ಮೊದಲು ಇಂಕನ್ನು ಅನುಮಾನಿಸಿದೆ. ಡಬ್ಬಿ ಒಡೆದ ಮೇಲೂ ಅಂಗಡಿಯವನಿಗೆ ವಾಪಸು ಕೊಟ್ಟು ಬಂದೆ, ಕೊಡುವಾಗ ಎರಡು ಮಾತು ಬಿರುಸಾಗಿಯೂ ಆಡಿದೆ. ನಂತರ ನೀರಿನ ರೋಲರಿನ ಬಟ್ಟೆ ಬದಲಿಸಿದೆ. ಬ್ಲಾಂಕೆಟ್ಟು ಬದಲಿಸಿದೆ. ಕೊನೆಗೆ ಒಂದು ಹಳದಿ ಪ್ಲೇಟನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಹುಮನಾಬಾದಿಗೆ ಹೋದೆ.

ಭಾಯ್ ಪ್ಲೇಟನ್ನು ಟೇಬಲ್ಲಿನ ಮೇಲೆ ಹಾಸಿ, ಭೂತಗನ್ನಡಿ ಇಟ್ಟು ಮೂಲೆಮೂಲೆ ನೋಡಿದ.

“ಪ್ಲೇಟಿನಾಗ ತಪ್ಪಿದ್ರ ಹೊಸದು ಮಾಡಿ ಕೊಡ್ತೀನಿ ಅಣ್ಣಾ. ನೀವು ಹೊತ್ಕೊಂಡು ಬರಬೇಕಿತ್ತೇನು? ಫೋನ್ ಮಾಡಿದ್ರ ಸಾಕಿತ್ತು.”

“ತಪ್ಪು ಅದನೋ ಇಲ್ಲೋ, ಅದನ್ನ ಹೇಳು.”

“ಹೊಸದೇ ಮಾಡ್ತೀನಿ ಬಿಡ್ರಿ. ಚಾ ತಗೋರಿ.”

ಅವನು ಉತ್ತರ ಕೊಡಲಿಲ್ಲ ಎಂಬುದನ್ನು ನಾನು ಅಲ್ಲೇ ಗಮನಿಸಬೇಕಿತ್ತು. ಇಂಥ ಉತ್ತರ ಕೊಟ್ಟ ಅಧಿಕಾರಿಗಳನ್ನು ವರದಿಗಾರರಿಂದ ಮತ್ತೆ ಮತ್ತೆ ಕೇಳಿಸಿದವನು ನಾನು. ಆ ದಿನ ಚಹಾ ಕುಡಿದು, ಹೊಸ ಪ್ಲೇಟು ತೆಗೆದುಕೊಂಡು ಬಸ್ಸು ಹತ್ತಿದೆ.

ಇದರ ನಡುವೆ ಇನ್ನೊಂದು ಸಂಗತಿ ನನಗೆ ಸಿಕ್ಕಿತು. ಇಂಕಿನ ತೊಟ್ಟಿಯ ಸ್ಕ್ರೂಗಳನ್ನು ನಾನು ಹೊಂದಿಸಿದ ಜಾಗದಲ್ಲಿ ಅವು ಇರುತ್ತಿರಲಿಲ್ಲ. ಹಳದಿ ಓಡುವಾಗ ನಾನು ಕಾಗದ ಕೊಡುವ ಕಡೆ ಬಗ್ಗಿ ಹಾಳೆಗಳ ಅಟ್ಟಿ ಸರಿಮಾಡುತ್ತಿದ್ದೆ. ಹೆಂಡತಿ ಮುದ್ರಣವಾಗಿ ಬರುವ ಕಡೆ ನಿಂತು ಹಾಳೆ ಎಳೆದು ನೋಡುತ್ತಿದ್ದಳು. ಓಟ ಮುಗಿದ ಮೇಲೆ ನೋಡಿದರೆ ಸ್ಕ್ರೂಗಳು ಬಿಗಿಯಾಗಿರುತ್ತಿದ್ದವು.

“ಯಾರ್ ಮುಟ್ಯಾರ ಇದನ್ನ?” ಎಂದು ಕೇಳಿದೆ.

“ಮಿಷಿನ್ ಕುಣ್ಯಾಕತ್ತದ. ತಾನs ತಿರುಗಿರಬೇಕು,” ಎಂದಳು.

ಎರಡನೆಯವರನ್ನೂ ಕೇಳಬೇಕಲ್ಲ. ಭಾಯ್‌ಗೆ ಫೋನ್ ಮಾಡಿದೆ. “ಆಗ್ತದಣ್ಣಾ, ಹಳೇ ಮಿಷಿನ್ನು,” ಎಂದ ಅವನು, ತುಸು ತಡೆದು. ಇಬ್ಬರು ಹೇಳಿದರು. ನಾನು ನಂಬಿದೆ. ಪ್ರತಿ ಸ್ಕ್ರೂವಿನ ತಲೆಯ ಮೇಲೆ ಬಿಳಿ ಬಣ್ಣದ ಗೆರೆ ಎಳೆದು ಪರೀಕ್ಷೆ ಮಾಡಿದೆ. ಗೆರೆಗಳು ನಿಜವಾಗಿಯೂ ಸರಿದಿದ್ದವು. ಮಷೀನಿನ ಕಾಲುಗಳ ಬೋಲ್ಟು ಬಿಗಿಮಾಡಿಸಿದೆ, ಕೆಳಗೆ ದಪ್ಪ ರಬ್ಬರು ಕೂರಿಸಿದೆ, ಸ್ಕ್ರೂಗಳ ಸ್ಪ್ರಿಂಗು ಬದಲಿಸಿದೆ. ಗೋಡೆಯ ಆಚೆ ಕೂರುವ ದರ್ಜಿ ಕೂಡ ಬಂದು ನೋಡಿ, “ಈಗ ಭೂಕಂಪಾದ್ರೂ ಇದು ಅಲ್ಲಾಡಂಗಿಲ್ಲ ಬಿಡ್ರಿ,” ಎಂದ. ಆಗಲೂ ಸ್ಕ್ರೂಗಳು ಸರಿದವು.

ನವೆಂಬರಿನಲ್ಲಿ ಗಾಣ ಶುರುವಾದಾಗ ಚಿಟಗುಪ್ಪ ಕಡೆಯ ಆ ಹೆಣ್ಣುಮಗಳು ಬಂದಳು. ಗಂಡನ ಜೊತೆ ಸೇರಿ ಪೌಡರು ಹಾಕದ ಬೆಲ್ಲ ಮಾಡುತ್ತಾಳೆ. ಪೇಟೆಯ ಬೆಲ್ಲ ಹಳದಿಯಾಗಿ ಹೊಳೆಯುವುದು ಪೌಡರಿನಿಂದ, ಪೌಡರಿಲ್ಲದ್ದು ಕಂದಾಗಿರುತ್ತದೆ. ಆಕೆಯ ವ್ಯಾಪಾರ ನಿಂತಿರುವುದೇ ಆ ಕಂದಿನ ಮೇಲೆ. ಲೇಬಲ್ಲಿಗೆ ತನ್ನ ಬೆಲ್ಲದ ಫೋಟೊವನ್ನೇ ತೆಗೆಸಿಕೊಂಡು ಬಂದಿದ್ದಳು. “ಇದೇ ಬಣ್ಣ ಬರಬೇಕ್ರಿ ಕಾಕಾ. ಬಾಕಿದ್ದು ಹ್ಯಾಂಗ ಬಂದ್ರೂ ನಡೀತದ,” ಎಂದು ಹೇಳಿ ಹೋದಳು.

ಆ ವಾರ ಹೆಂಡತಿ ದುಬಲಗುಂಡಿಯಲ್ಲಿ ತಮ್ಮನ ಮನೆಯಲ್ಲಿದ್ದಳು. ಅವನ ಮಗಳ ಸೀಮಂತ. ನಾನೊಬ್ಬನೇ ನಾಲ್ಕೂ ಬಣ್ಣ ಓಡಿಸಿದೆ. ಹಳದಿ ಓಡಿಸಿದ ಮೇಲೆ ನೋಡಿದೆ: ಸ್ಕ್ರೂಗಳು ನಾನಿಟ್ಟ ಜಾಗದಲ್ಲೇ ಇದ್ದವು. ರಬ್ಬರು ಕೂರಿಸಿದ್ದು ಕೊನೆಗೂ ಫಲ ಕೊಟ್ಟಿತು ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಹೆಂಡತಿ ಬಸ್ಸಿಳಿದು ನೇರ ಪ್ರೆಸ್ಸಿಗೇ ಬಂದಳು. ಆಕೆಯ ಹಿಂದೆಯೇ ಲೇಬಲ್ಲಿನವರು, ಗಂಡಹೆಂಡತಿ ಇಬ್ಬರೂ ಬಂದರು. ನಾನು ಕಟ್ಟು ಬಿಚ್ಚಿ ಮುಂದಿಟ್ಟೆ. ಚಿಟಗುಪ್ಪದವಳು ಚೀಲದಿಂದ ಬೆಲ್ಲದ ಒಂದು ಉಂಡೆ ತೆಗೆದು ಲೇಬಲ್ಲಿನ ಮೇಲಿಟ್ಟಳು.

“ಇದು ನಂದ್ರಿ ಕಾಕಾ. ಇದು ನಿಮ್ದು.”

“ಏನಾಗ್ಯಾದ?”

ಆಕೆಯ ಗಂಡ ನಗುತ್ತಲೇ ಹೇಳಿದ: “ಪೌಡರ್ ನಾವ್ ಹಾಕಂಗಿಲ್ಲಂತ ಹೇಳಿದ್ವಿ. ನೀವs ಹಾಕೀರಲ್ರಿ!”

“ನಗಬ್ಯಾಡ ನೀ,” ಎಂದು ಆಕೆ ಅವನಿಗೆ ಗದರಿದಳು. “ಇದನ್ನ ಹಚ್ಚಿದ್ರ ಮಂದಿ ಡಬ್ಬಿ ತೆಗ್ಯಾಂಗೇ ಇಲ್ರಿ. ಇವ್ರೂ ಎಲ್ಲಾರಂಗೇ ಅಂತಾರ.”

ಒಳಗಿನ ಬೆಳಕು ಸಾಲದು ಎಂದು ಹೇಳಿ ಎರಡನ್ನೂ ಹೊರಗೆ ಕಟ್ಟೆಯ ಮೇಲೆ ತೆಗೆದುಕೊಂಡು ಹೋದೆ. ಬಿಸಿಲು ಚೆನ್ನಾಗಿತ್ತು. ಉಂಡೆಯನ್ನು ನೋಡಿದೆ, ಲೇಬಲ್ಲನ್ನು ನೋಡಿದೆ. ಹೊರಳಿಸಿ ನೋಡಿದೆ. ಡೆಸ್ಕಿನಲ್ಲಿ ಕೂತು ಹೇಳುತ್ತಿದ್ದ ದನಿಯಲ್ಲೇ ಹೇಳಿದೆ:

“ಎರಡೂ ಒಂದೇ ಅವ.”

ಯಾರೂ ನಗಲಿಲ್ಲ. ಚಿಟಗುಪ್ಪದವಳ ಗಂಡ ಮೊದಲು ಎದ್ದ. ಅವನು ನನ್ನ ಮುಖ ನೋಡಲಿಲ್ಲ, ಕಾಲಿನಿಂದ ಚಪ್ಪಲಿ ಹುಡುಕಿದ. ದರ್ಜಿಯ ಹೊಲಿಗೆ ಯಂತ್ರ ನಿಂತಿತ್ತು. ನನ್ನ ಹೆಂಡತಿ ಲೇಬಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು, “ತಂಗಿ, ಸೋಮವಾರ ಬಾ. ಹೊಸಾವು ಹಾಕಿಸಿ ಇಟ್ಟಿರ್ತೀನಿ,” ಎಂದಳು. ಹಾಕಿಸುತ್ತೇನೆ ಎಂದಳು, ಹಾಕುತ್ತೇವೆ ಎನ್ನಲಿಲ್ಲ. ಅವರು ಹೋದ ಮೇಲೆಯೂ ನಾನು ಕಟ್ಟೆಯ ಮೇಲೆ ಕೂತಿದ್ದೆ. ಒಳಗೆ ಹೋಗಲು ಹೆಂಡತಿಯನ್ನು ದಾಟಿ ಹೋಗಬೇಕಿತ್ತು.

ಮರುದಿನ ಹುಮನಾಬಾದಿಗೆ ಇಬ್ಬರೂ ಹೊರಟೆವು. ಲೇಬಲ್ಲನ್ನು ಭಾಯ್ ತನ್ನ ಹೊಸ ನಾಲ್ಕು ಬಣ್ಣದ ಮಷೀನಿನಲ್ಲಿ ಓಡಿಸಿಕೊಡಲು ಒಪ್ಪಿದ್ದ. ಒಪ್ಪಿಸಿದ್ದು ಹೆಂಡತಿ. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿಗೆ ತಿರುಗಿತು. ನಾನು ರಾತ್ರಿಯೆಲ್ಲ ಒಂದನ್ನೇ ಜೋಡಿಸುತ್ತಿದ್ದೆ: ಆಕೆ ಪ್ರೆಸ್ಸಿನಲ್ಲಿದ್ದ ದಿನಗಳ ಕೆಲಸಕ್ಕೆ ತಕರಾರು ಬಂದಿರಲಿಲ್ಲ. ಆಕೆ ಇಲ್ಲದ ದಿನ ಸ್ಕ್ರೂ ಸರಿದಿರಲಿಲ್ಲ.

“ನೀನs ತಿರುಗಸ್ತಿದ್ದೇನು?” ಎಂದು ಕೇಳಿದೆ.

“ಹ್ಞೂಂ. ನೀವು ಕಾಗದಕ್ಕ ಬಗ್ಗಿದಾಗ.”

“ಎಂದಿನಿಂದ?”

“ಯುಗಾದಿ ಕ್ಯಾಲೆಂಡರ್ ಹಾಕಿದಾಗಿನಿಂದ. ಅವಾಗ ಸ್ವಾಮಿಗಳ ಮುಖ ಕಾಮಣಿ ರೋಗ ಆದವ್ರಂಗ ಬಂದಿತ್ತು. ನೀವು ಭಾಳ ಚೊಲೊ ಬಂದದ ಅಂದ್ರಿ.”

“ಹೇಳಬೇಕಿಲ್ಲೇನು ನನಗ?”

“ಹೇಳಿದ್ದೆ. ಹಳದಿ ಹೆಚ್ಚಾಗ್ಯಾದ ಅಂದೆ. ಯಾರ್ ಹೇಳಿದ್ದು ಅಂದ್ರಿ. ನಾನs ಹೇಳಾಕತ್ತೀನಿ ಅಂದೆ. ಎರಡನೇದವ್ರು ಯಾರು ಅಂದ್ರಿ.”

ಮುಂದಿನ ಸೀಟಿನವನು ತಿರುಗಿ ನೋಡಿದ. ಆಕೆ ದನಿ ತಗ್ಗಿಸಿದಳು.

“ಆಮ್ಯಾಲ ಎರಡನೇದವ್ರನ್ನ ಹುಡುಕಿದೆ. ಹುಮನಾಬಾದಿಗೆ ಫೋನ್ ಹಚ್ಚಿದೆ. ಭಾಬಿ, ಅಣ್ಣಾಗ ಹೇಳಾಕ ನನಗ ಬಾಯಿ ಬರಂಗಿಲ್ಲ, ನೀವs ಸ್ವಲ್ಪ ಬಿಗಿ ಮಾಡ್ಕೊಂಡು ಹೋಗ್ರಿ ಅಂದ.”

ಮಷೀನಿನ ಕೆಳಗೆ ನಾನು ರಬ್ಬರು ಕೂರಿಸುವಾಗ ಇವರಿಬ್ಬರಿಗೂ ಗೊತ್ತಿತ್ತು. ಬೋಲ್ಟು ಬಿಗಿಮಾಡಿಸುವಾಗ ದೀಪ ಹಿಡಿದು ನಿಂತವಳು ಇವಳೇ. ಸಿಟ್ಟು ಬಂದಿದ್ದರೆ ಹಗುರವಾಗುತ್ತಿತ್ತು. ಬಂದದ್ದು ನಾಚಿಕೆ. ಕಿಟಕಿಯ ಕಡೆ ತಿರುಗಿ ಕೂತೆ. ಕಬ್ಬಿನ ಟ್ರಾಕ್ಟರುಗಳನ್ನು ದಾಟಿಕೊಂಡು ಬಸ್ಸು ಹೋಗುತ್ತಿತ್ತು.

ಭಾಯ್ ಪ್ಲೇಟು ಕಟ್ಟಿ ಸಿದ್ಧನಾಗಿದ್ದ. ನನ್ನನ್ನು ಕಂಡು ಯಾವಾಗಿನಂತೆ ಸಲಾಮು ಹೇಳಿದ, ಕುರ್ಚಿ ಒರೆಸಿ ಕೊಟ್ಟ. ಆ ದಿನ ನಾನು ಅವನ ಮಷೀನಿನ ಹತ್ತಿರ ಹೋಗಲಿಲ್ಲ. ಅವನು ನಾಲ್ಕೂ ಬಣ್ಣ ಬಿದ್ದ ಮೊದಲ ಹಾಳೆಯನ್ನು ಎಳೆದು, ಅಭ್ಯಾಸಬಲದಿಂದ ನನ್ನ ಕಡೆ ಚಾಚಿದ. ಗಿರಾಕಿಯ ಕೆಲಸ ತಂದವರು ಮೊದಲ ಹಾಳೆ ನೋಡಿ ಹ್ಞೂಂ ಎಂದ ಮೇಲೆಯೇ ಓಟ ಶುರುಮಾಡುವುದು ನಮ್ಮಲ್ಲಿ ರೂಢಿ. ಚಾಚಿದ ಕೈ ಅರ್ಧಕ್ಕೆ ನಿಂತಿತು. ಅವನು ಒಮ್ಮೆ ನನ್ನನ್ನು ನೋಡಿದ, ಆಮೇಲೆ ಹಾಳೆಯನ್ನು ಹೆಂಡತಿಗೆ ಕೊಟ್ಟ.

ಆಕೆ ಬೆಲ್ಲದ ಉಂಡೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಪಕ್ಕಕ್ಕಿಟ್ಟುಕೊಂಡಳು. “ಇನ್ನs ಒಂಚೂರು ಇಳಿಸು ಭಾಯ್,” ಎಂದಳು. ಅವನು ಇಳಿಸಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರು ಓದುತ್ತಿದ್ದೆ.

ಸಂಜೆಗೆ ಅಲ್ಲೇ ಕಣ್ಣಿನ ಡಾಕ್ಟರ ಬಳಿ ಹೋದೆವು. ಹೋಗುವುದು ಬೇಡ ಎಂದು ನಾನು ಎರಡು ಸಲ ಹೇಳಿದೆ. ಕನ್ನಡಕ ಹೊಸದಿದೆ, ಅಕ್ಷರ ಚೆನ್ನಾಗಿ ಕಾಣುತ್ತದೆ ಎಂದೆ. ಅದು ಸುಳ್ಳಲ್ಲ, ಸಣ್ಣ ಅಕ್ಷರದ ತಪ್ಪು ನನಗೆ ಈಗಲೂ ತಪ್ಪುವುದಿಲ್ಲ. ಡಾಕ್ಟರು ಎರಡೂ ಕಣ್ಣು ನೋಡಿ ಪೊರೆ ಬಂದಿದೆ ಎಂದರು. “ನಿಮ್ಮ ಪೊರೆ ಬೆಳ್ಳಗಿಲ್ರಿ. ಚಾದಂಗ ಕಂದಾಗ್ಯಾದ. ಹಳದಿ ಕನ್ನಡಕ ಹಾಕ್ಕೊಂಡೇ ಜಗತ್ತು ನೋಡಾಕತ್ತೀರಿ. ಬಿಳಿ, ಹಳದಿ ಎರಡೂ ನಿಮಗ ಒಂದೇ ಕಾಣ್ತಾವ. ನಿಧಾನಕ್ಕ ಬಂದದ, ಅದಕ್ಕs ಗೊತ್ತಾಗಿಲ್ಲ. ಏನ್ ಕೆಲಸ ಮಾಡ್ತೀರಿ?”

ನಾನು, “ಮೊದಲು ಪೇಪರಿನಾಗ ಇದ್ದೆ,” ಎಂದೆ. ಹೆಂಡತಿ, “ಬಣ್ಣ ಹಾಕ್ತಾರ್ರಿ, ಆಫ್‌ಸೆಟ್ ಮಿಷಿನಿನಾಗ,” ಎಂದಳು. ಡಾಕ್ಟರು ಬರೆಯುತ್ತಿದ್ದ ಪೆನ್ನು ಎತ್ತಿ ನನ್ನನ್ನು ನೋಡಿದರು.

ಸಂಕ್ರಾಂತಿಯ ಮೇಲೆ ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ, ಗೋಡೆಗೆ ನೀಲಿ ಯಾವಾಗ ಬಳಿಸಿದ್ದು ಎಂದು ಹೆಂಡತಿಯನ್ನು ಕೇಳಿದೆ. ಗೋಡೆ ಮೊದಲಿನ ಸುಣ್ಣದ್ದೇ ಆಗಿತ್ತು. ಬಲಗಣ್ಣು ಮುಚ್ಚಿದರೆ ಅದೇ ಗೋಡೆ ಹಳೆಯ ಕಾಗದದ ಬಣ್ಣಕ್ಕೆ ತಿರುಗುತ್ತಿತ್ತು, ಎಡಗಣ್ಣು ಮುಚ್ಚಿದರೆ ಬೆಳ್ಳಗಾಗುತ್ತಿತ್ತು.

ಡಾಕ್ಟರು ಹೊರಗೆ ಹೋಗಲು ಬಿಟ್ಟ ಮೇಲೆ ಪ್ರೆಸ್ಸಿಗೆ ಹೋಗಿ ಮಾದರಿಗಳ ಕಪಾಟು ತೆಗೆದೆ. ಮಾಡಿದ ಪ್ರತಿ ಕೆಲಸದ ಒಂದೊಂದು ಪ್ರತಿ ಅಲ್ಲಿರುತ್ತದೆ. ನಾರಾಯಣಪುರದ ಗಣಪತಿ ಸಿಕ್ಕಿತು. ಸೊಂಡಿಲಿನಿಂದ ಹೊಟ್ಟೆಯವರೆಗೆ ಅರಿಶಿಣ. ಒಂದು ಶಾಲೆಯ ವಾರ್ಷಿಕೋತ್ಸವದ ಕರಪತ್ರದಲ್ಲಿ ಮಕ್ಕಳೆಲ್ಲ ಜ್ವರದಿಂದ ಎದ್ದವರಂತಿದ್ದರು. ತೀರಿಕೊಂಡ ಮುದುಕಿಯೊಬ್ಬಳ ಶ್ರದ್ಧಾಂಜಲಿ ಹಾಳೆ ಇತ್ತು. ಆಕೆಯ ಮಗ ಅದನ್ನು ಒಯ್ಯುವಾಗ ಬಹಳ ಹೊತ್ತು ನೋಡಿ, “ಇರ್ಲಿ ಬಿಡ್ರಿ,” ಎಂದಿದ್ದ. ದುಃಖದಲ್ಲಿದ್ದಾನೆ ಎಂದುಕೊಂಡಿದ್ದೆ. ಆ ಹಾಳೆಯಲ್ಲಿ ಮುದುಕಿಯ ಬಿಳಿ ಕೂದಲು ಒಣಹುಲ್ಲಿನ ಬಣ್ಣಕ್ಕಿತ್ತು. ನಡುನಡುವೆ ಸರಿಯಾದ ಬಣ್ಣದ ಹಾಳೆಗಳಿದ್ದವು. ಅವು ಯಾವುವು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಪಾಟು ಮುಚ್ಚಿ ಬೀಗ ಹಾಕಿದೆ. ಗಿರಾಕಿಗಳಿಗೆ ಮಾದರಿ ತೋರಿಸಬೇಕಾದಾಗ ಹೆಂಡತಿ ಬೀಗದ ಕೈ ಕೇಳುತ್ತಾಳೆ, ಕೊಡುತ್ತೇನೆ.

ಮಷೀನಿಗೆ ಮರಳಿದ ಮೊದಲ ವಾರ ಹಳದಿಯನ್ನು ನಾನೇ ಓಡಿಸಿದೆ. ಬಲಗಣ್ಣಿಗೆ ಈಗ ಅದು ಕಾಣುತ್ತದೆ, ಆದರೆ ಎರಡೂ ಕಣ್ಣು ತೆರೆದರೆ ಎರಡು ಹಳದಿ ಕಲೆಸಿ ಯಾವುದೂ ಖಚಿತವಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಹಾಳೆ ನೋಡಬೇಕು. ಹಾಗೆ ನೋಡುತ್ತಿದ್ದಾಗ ಕಾರ್ಡಿನ ಗಿರಾಕಿಯೊಬ್ಬ ಬಾಗಿಲಲ್ಲಿ ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದ ಎಂದು ತಿಳಿಯದು. ಬಣ್ಣ ಆ ಸಲ ಸರಿಯಾಗಿಯೇ ಬಂತು. ಅವನು ಕಾರ್ಡುಗಳನ್ನು ನನ್ನಿಂದ ತೆಗೆದುಕೊಂಡು ಹೆಂಡತಿಗೆ ತೋರಿಸಿ ಕೇಳಿದ: “ಅಕ್ಕಾ, ನೀವ್ ನೋಡೀರಿಲ್ಲೋ ಇದನ್ನ?”

“ನಾ ಯಾಕ ನೋಡಬೇಕು? ಅವರು ನೋಡ್ಯಾರಲ್ಲ,” ಎಂದಳು ಆಕೆ.

“ಅಲ್ರಿ... ನೀವೂ ಒಮ್ಮಿ ನೋಡ್ರಿ.”

ಆಕೆ ನೋಡಿದಳು. ಸರಿಯಾಗಿದೆ ಎಂದಳು. ಅವನು ಒಯ್ದ.

ಚಿಟಗುಪ್ಪದವರು ಈ ಸಲದ ಲೇಬಲ್ಲನ್ನು ಹುಮನಾಬಾದಿನಲ್ಲಿ ಹಾಕಿಸಿದ್ದಾರೆ. ಸಕ್ಕರೆ ಕಾಯಿಲೆ ಹತೋಟಿಗೆ ಬಾರದ ಕಾರಣ ನನ್ನ ಎಡಗಣ್ಣಿನ ಆಪರೇಷನ್ ಮುಂದೆ ಹೋಗಿದೆ. ಈ ವಾರ ನಮ್ಮಲ್ಲಿಗೆ ಬಂದ ಬಣ್ಣದ ಕೆಲಸ ಒಂದೇ, ಒಂದು ಮದುವೆಯ ಕಾರ್ಡು. ರೋಲರುಗಳನ್ನು ನಾನು ತೊಳೆದೆ. ಹಳದಿಯನ್ನು ಹೆಂಡತಿ ಓಡಿಸಿದಳು.